ಮಕ್ಕಳ ಹೊಟ್ಟೆಯ ಒಳಪೆಟ್ಟು: ಕಾಯುವ ಚಿಕಿತ್ಸೆ ಮತ್ತು ಕಿರುರಂಧ್ರದ ಶಸ್ತ್ರಚಿಕಿತ್ಸೆ

ಮಕ್ಕಳು ಓಡುವುದು, ಬೀಳುವುದು, ಮತ್ತೆ ಎದ್ದು ಓಡುವುದು ಬಾಲ್ಯದ ಸಹಜ ಧರ್ಮ. ಮೊಣಕಾಲು ತರಚಿದರೆ ತೊಳೆದು, ಸಂತೈಸಿ, ಮತ್ತೆ ಆಟಕ್ಕೆ ಕಳುಹಿಸುವುದು ಎಲ್ಲ ಮನೆಗಳ ರೂಢಿ. ರಕ್ತ ಕಂಡರೆ ನಾವು ಗಾಬರಿಯಾಗುತ್ತೇವೆ. ರಕ್ತ ಕಾಣದಿದ್ದರೆ ನಿಟ್ಟುಸಿರು ಬಿಡುತ್ತೇವೆ. ಆದರೆ ಹೊಟ್ಟೆಗೆ ಬಿದ್ದ ಪೆಟ್ಟಿನ ವಿಷಯದಲ್ಲಿ ಈ ಅಳತೆಗೋಲು ಉಪಯೋಗಕ್ಕೆ ಬಾರದು. ಚರ್ಮ ಒಂದಿಷ್ಟೂ ಹರಿಯದೆ, ಹೊರಗೆ ಒಂದು ಹನಿಯೂ ಸುರಿಯದೆ, ಒಳಗಿನ ಅಂಗವೊಂದು ಸೀಳಿಹೋಗಿರಬಹುದು. ನಮ್ಮ ಜನ ಇದನ್ನು ಬಹುಕಾಲದಿಂದ ‘ಒಳಪೆಟ್ಟು’ ಎಂದು ಕರೆಯುತ್ತ ಬಂದಿದ್ದಾರೆ.

ಇಂತಹ ಮಗುವನ್ನು ಆಸ್ಪತ್ರೆಗೆ ಕರೆತಂದ ತಂದೆತಾಯಿಗಳ ಮನಸ್ಸಿನಲ್ಲಿ ಎರಡು ಸಂದೇಹಗಳು ಏಳುತ್ತವೆ. ಹೊಟ್ಟೆಯೊಳಗೆ ರಕ್ತವಿದೆ ಎಂದು ಹೇಳಿದ ವೈದ್ಯರು ಕೂಡಲೇ ಆಪರೇಷನ್ ಮಾಡದೆ ಏಕೆ ಸುಮ್ಮನಿದ್ದಾರೆ ಎಂಬುದು ಮೊದಲನೆಯದು. ಇಷ್ಟು ದೊಡ್ಡ ಅಪಘಾತಕ್ಕೆ ಅಷ್ಟು ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ಸಾಕೇ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಒಂದೇ ತಿಳಿವಳಿಕೆಯಲ್ಲಿದೆ. ಅದನ್ನು ಸದ್ಭಕ್ತರ ಮುಂದೆ ಸರಳವಾಗಿ ಇರಿಸುವುದು ಈ ಲೇಖನದ ಉದ್ದೇಶ.

ಮಗುವಿನ ಉದರದ ವಿಶೇಷ

ದೊಡ್ಡವರ ದೇಹವನ್ನು ಚಿಕ್ಕದು ಮಾಡಿದರೆ ಮಗುವಿನ ದೇಹವಾಗುವುದಿಲ್ಲ. ಹೊಟ್ಟೆಯ ಬಲಭಾಗದ ಮೇಲ್ಗಡೆ ಯಕೃತ್ತು, ಎಡಭಾಗದ ಮೇಲ್ಗಡೆ ಗುಲ್ಮ, ಬೆನ್ನಿನ ಬದಿಯಲ್ಲಿ ಎರಡು ಮೂತ್ರಪಿಂಡಗಳು ಇರುತ್ತವೆ. ದೊಡ್ಡವರಲ್ಲಿ ಯಕೃತ್ತು ಮತ್ತು ಗುಲ್ಮಗಳು ಬಹುಮಟ್ಟಿಗೆ ಪಕ್ಕೆಲುಬುಗಳ ಮರೆಯಲ್ಲಿ ರಕ್ಷಿತವಾಗಿರುತ್ತವೆ. ಮಕ್ಕಳಲ್ಲಿ ದೇಹದ ಗಾತ್ರಕ್ಕೆ ಹೋಲಿಸಿದರೆ ಈ ಅಂಗಗಳು ದೊಡ್ಡವು. ಪಕ್ಕೆಲುಬಿನ ಅಂಚಿನಿಂದ ಕೆಳಗೂ ಚಾಚಿಕೊಂಡಿರುತ್ತವೆ. ಹೊಟ್ಟೆಯ ಸ್ನಾಯುಗಳು ತೆಳು, ಕೊಬ್ಬಿನ ಪದರವೂ ಕಡಿಮೆ. ಚಿಕ್ಕ ಮಕ್ಕಳಲ್ಲಿ ಮೂತ್ರಕೋಶವೂ ಕಿಬ್ಬೊಟ್ಟೆಯ ಎಲುಬಿನ ಆಶ್ರಯದಲ್ಲಿರದೆ ಮೇಲಕ್ಕೆ ಇರುತ್ತದೆ.

ಇನ್ನು ಪಕ್ಕೆಲುಬುಗಳು. ಮಗುವಿನ ಪಕ್ಕೆಲುಬು ಎಳೆಯ ಬಿದಿರಿನಂತೆ ಬಾಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ಇದು ಒಳ್ಳೆಯದೆಂದು ತೋರಬಹುದು. ಆದರೆ ಮುರಿಯದ ಎಲುಬು ಪೆಟ್ಟಿನ ಬಲವನ್ನು ತಾನು ಹೀರಿಕೊಳ್ಳದೆ ಒಳಗಿನ ಅಂಗಕ್ಕೆ ದಾಟಿಸಿಬಿಡುತ್ತದೆ. ಆದುದರಿಂದ ‘ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲ, ಇನ್ನು ಭಯವಿಲ್ಲ’ ಎಂಬ ಸಮಾಧಾನ ಮಕ್ಕಳ ವಿಷಯದಲ್ಲಿ ಸರಿಯಲ್ಲ.

ಉದರದ ಅಂಗಗಳನ್ನು ಎರಡು ಬಗೆಯಾಗಿ ವಿಂಗಡಿಸಿಕೊಂಡರೆ ಮುಂದಿನ ವಿಷಯ ತಿಳಿಯಾಗುತ್ತದೆ. ಯಕೃತ್ತು, ಗುಲ್ಮ, ಮೂತ್ರಪಿಂಡ ಇವು ಗಟ್ಟಿ ಅಂಗಗಳು. ಇವು ಸೀಳಿದರೆ ರಕ್ತ ಸುರಿಯುತ್ತದೆ. ಜಠರ, ಕರುಳು, ಮೂತ್ರಕೋಶ ಇವು ಪೊಳ್ಳು ಅಂಗಗಳು. ಇವು ಒಡೆದರೆ ಒಳಗಿನ ಆಹಾರ, ಮಲ, ಮೂತ್ರ ಹೊಟ್ಟೆಯೊಳಗೆ ಸೋರುತ್ತವೆ. ಸುರಿಯುವ ರಕ್ತ ಮಗುವಿನಲ್ಲಿ ಬಹಳಷ್ಟು ಸಲ ತಾನಾಗಿಯೇ ನಿಲ್ಲುತ್ತದೆ. ಕರುಳಿನ ಸೋರಿಕೆ ಹಾಗೆ ನಿಲ್ಲುವುದಿಲ್ಲ. ಚಿಕಿತ್ಸೆಯ ದಾರಿ ಕವಲೊಡೆಯುವುದು ಇಲ್ಲಿಯೇ.

ಪೆಟ್ಟು ಬೀಳುವ ಬಗೆಗಳು

ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಬೈಂದೂರು ತಾಲ್ಲೂಕಿನ ಶಿರೂರನ್ನು ಒಂದು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಹ್ಯಾದ್ರಿಯ ತಪ್ಪಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಶಾಲೆಗೆ ಹೋಗುವ ಮಕ್ಕಳು ಈ ಹೆದ್ದಾರಿಯನ್ನು ದಾಟಬೇಕು. ಬೇಸಿಗೆ ಬಂದರೆ ಮಾವು, ಗೇರು, ನೇರಳೆ ಮರಗಳನ್ನು ಏರುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕೆಂಪುಕಲ್ಲಿನ ಗೋಡೆ, ಮೆಟ್ಟಿಲು, ಕಾಲುಸಂಕಗಳು ಜಾರುತ್ತವೆ. ಬಯಲುಸೀಮೆಯ ಊರುಗಳಲ್ಲಿ ಇದೇ ಜಾಗದಲ್ಲಿ ಟ್ರ್ಯಾಕ್ಟರ್, ಎತ್ತಿನ ಬಂಡಿ, ಹಸುವಿನ ಒದೆ, ಎತ್ತಿನ ಹಾಯುವಿಕೆ ಇರುತ್ತವೆ. ಊರು ಬೇರೆಯಾದರೂ ಒಳಪೆಟ್ಟಿನ ಸ್ವರೂಪ ಒಂದೇ.

ಇವುಗಳಲ್ಲಿ ಮೂರನ್ನು ವಿಶೇಷವಾಗಿ ನೆನಪಿಡಬೇಕು.

ಮೊದಲನೆಯದು ಸೈಕಲ್ಲಿನ ಹ್ಯಾಂಡಲ್. ಮಗು ಸೈಕಲ್ಲಿನಿಂದ ಬೀಳುವಾಗ ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಒತ್ತುತ್ತದೆ. ಹೊರಗೆ ರೂಪಾಯಿ ನಾಣ್ಯದಷ್ಟು ಕಂದಿದ ಗುರುತು ಮಾತ್ರ ಉಳಿಯಬಹುದು. ಆದರೆ ಒಳಗೆ ಮೇದೋಜೀರಕ ಗ್ರಂಥಿ ಮತ್ತು ಸಣ್ಣ ಕರುಳಿನ ಮೊದಲ ಭಾಗಗಳು ಹ್ಯಾಂಡಲ್ ಮತ್ತು ಬೆನ್ನೆಲುಬಿನ ನಡುವೆ ಸಿಕ್ಕಿ ಜಜ್ಜಿಹೋಗುತ್ತವೆ. ಈ ಗಾಯದ ನೋವು, ವಾಂತಿ ಒಂದೆರಡು ದಿನಗಳ ಬಳಿಕ ಕಾಣಿಸಿಕೊಳ್ಳುವುದೂ ಉಂಟು.

ಎರಡನೆಯದು ಕಾರಿನ ಸೀಟ್ ಬೆಲ್ಟ್. ದೊಡ್ಡವರ ಅಳತೆಯ ಬೆಲ್ಟ್ ಚಿಕ್ಕ ಮಗುವಿನ ಸೊಂಟದ ಎಲುಬಿನ ಮೇಲೆ ಕೂರದೆ ಹೊಟ್ಟೆಯ ಮೇಲೆ ಕೂರುತ್ತದೆ. ಗಾಡಿ ಥಟ್ಟನೆ ನಿಂತಾಗ ಹೊಟ್ಟೆಗೆ ಅಡ್ಡಲಾಗಿ ಕೆಂಪು ಪಟ್ಟೆ ಮೂಡಿದರೆ ಕರುಳು ಹರಿದಿರುವ, ಬೆನ್ನುಮೂಳೆಗೂ ಪೆಟ್ಟಾಗಿರುವ ಶಂಕೆ ಇರಿಸಿಕೊಳ್ಳಬೇಕು.

ಮೂರನೆಯದು ಹೇಳದೆ ಮುಚ್ಚಿಟ್ಟ ಪೆಟ್ಟು. ಬೇಡವೆಂದ ಮರ ಹತ್ತಿದ್ದಕ್ಕೆ ಬೈಗುಳ ಬಿದ್ದೀತೆಂದು ಮಗು ಬಿದ್ದ ಸಂಗತಿಯನ್ನೇ ಹೇಳುವುದಿಲ್ಲ. ಕೆಲವೊಮ್ಮೆ ಯಾರೋ ಹೊಡೆದುದನ್ನು ಭಯದಿಂದ ಬಚ್ಚಿಡುತ್ತದೆ. ಕಾರಣ ತಿಳಿಯದ ಹೊಟ್ಟೆನೋವಿನೊಡನೆ ಬಂದ ಮಗುವಿಗೆ ‘ಏನಾದರೂ ತಗುಲಿತೇ, ಕಂದ?’ ಎಂದು ಮೆಲ್ಲಗೆ ಕೇಳುವ ಹಿರಿಯರೊಬ್ಬರು ಮನೆಯಲ್ಲಿದ್ದರೆ ಒಂದು ಜೀವ ಉಳಿಯಬಹುದು.

ಮೋಸಗೊಳಿಸುವ ನೆಮ್ಮದಿ

ಮಗುವಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. ಇಪ್ಪತ್ತೈದು ಕಿಲೋ ತೂಗುವ ಮಗುವಿಗೆ ಒಟ್ಟು ಎರಡು ಲೀಟರ್. ಅದರಲ್ಲಿ ಅರ್ಧ ಲೀಟರ್ ಹೊಟ್ಟೆಯೊಳಗೆ ಸುರಿದರೂ ಹೊರಗಿನಿಂದ ಹೊಟ್ಟೆ ಉಬ್ಬಿದಂತೆ ತೋರದಿರಬಹುದು. ಆದರೆ ಮಗುವಿನ ಪಾಲಿಗೆ ಅದು ಇರುವ ರಕ್ತದ ಕಾಲುಭಾಗ.

ಮಗುವಿನ ರಕ್ತನಾಳಗಳು ಬಹಳ ಚುರುಕು. ರಕ್ತ ಕಡಿಮೆಯಾದೊಡನೆ ಅವು ಬಿಗಿದುಕೊಂಡು, ಹೃದಯ ವೇಗವಾಗಿ ಬಡಿದು, ರಕ್ತದೊತ್ತಡವನ್ನು ಬೀಳದಂತೆ ಹಿಡಿದಿಡುತ್ತವೆ. ಸುಮಾರು ಮೂರನೆಯ ಒಂದು ಭಾಗದಷ್ಟು ರಕ್ತ ಹೋಗುವವರೆಗೂ ರಕ್ತದೊತ್ತಡ ಸರಿಯಾಗಿಯೇ ಇರಬಹುದು. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಮಕ್ಕಳಲ್ಲಿ ಮೊದಲ ಎಚ್ಚರಿಕೆ ಕೊಡುವುದು ರಕ್ತದೊತ್ತಡವಲ್ಲ, ನಾಡಿ. ಅಳು ನಿಂತ ಮೇಲೂ ನಾಡಿ ಓಡುತ್ತಿದ್ದರೆ, ಕೈಕಾಲು ತಣ್ಣಗಾಗಿದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಬಾಯಾರಿಕೆ ಹೆಚ್ಚಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಮಗು ಅಸಹಜವಾಗಿ ಮಂಕಾಗಿ ಮಲಗಿದ್ದರೆ ಒಳಗೆ ರಕ್ತ ಹೋಗುತ್ತಿದೆಯೆಂದೇ ಭಾವಿಸಬೇಕು.

ಇವುಗಳ ಜೊತೆಗೆ ಹೊಟ್ಟೆ ಮುಟ್ಟಗೊಡದ ನೋವು, ಬಿಗಿದ ಹೊಟ್ಟೆ, ಪದೇ ಪದೇ ವಾಂತಿ, ಹಸಿರು ವಾಂತಿ, ಮೂತ್ರದಲ್ಲಿ ರಕ್ತ, ಪೆಟ್ಟಾಗದ ಎಡಭುಜದಲ್ಲಿ ನೋವು ಇವು ಗಂಭೀರ ಲಕ್ಷಣಗಳು. ಗುಲ್ಮದಿಂದ ಸುರಿದ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸಿದಾಗ ಆ ನೋವು ಭುಜದಲ್ಲಿ ತೋರುತ್ತದೆ.

ಆಸ್ಪತ್ರೆಯಲ್ಲಿ ನಡೆಯುವ ಪರೀಕ್ಷೆ

ವೈದ್ಯರು ಮೊದಲು ನೋಡುವುದು ಹೊಟ್ಟೆಯನ್ನಲ್ಲ. ಉಸಿರು, ನಾಡಿ ಮತ್ತು ಎಚ್ಚರವನ್ನು. ಇವುಗಳನ್ನು ಸರಿಪಡಿಸುತ್ತಲೇ ರಕ್ತದ ಗುಂಪು, ಹಿಮೋಗ್ಲೋಬಿನ್, ಯಕೃತ್ತು ಮತ್ತು ಮೇದೋಜೀರಕದ ಕಿಣ್ವಗಳು, ಮೂತ್ರ ಇವುಗಳ ಪರೀಕ್ಷೆ ಆಗುತ್ತದೆ. ಹಾಸಿಗೆಯ ಬದಿಯಲ್ಲಿಯೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿ ಹೊಟ್ಟೆಯಲ್ಲಿ ರಕ್ತ ನಿಂತಿದೆಯೇ ಎಂದು ನೋಡುತ್ತಾರೆ. ಮಕ್ಕಳಲ್ಲಿ ಈ ಸ್ಕ್ಯಾನಿಂಗ್ ಸರಿಯಾಗಿದೆ ಎಂದ ಮಾತ್ರಕ್ಕೆ ಗಾಯವಿಲ್ಲವೆಂದು ಹೇಳಲಾಗದು. ಯಾವ ಅಂಗ ಎಷ್ಟು ಸೀಳಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುವುದು ರಕ್ತನಾಳಕ್ಕೆ ಔಷಧ ಕೊಟ್ಟು ತೆಗೆಯುವ ಸಿ.ಟಿ. ಸ್ಕ್ಯಾನ್.

ಎಲ್ಲ ಮಕ್ಕಳಿಗೂ ಸಿ.ಟಿ. ಸ್ಕ್ಯಾನ್ ಅಗತ್ಯವಿಲ್ಲ, ಎಳೆಯ ದೇಹಕ್ಕೆ ವಿಕಿರಣ ಕಡಿಮೆ ತಾಗಿದಷ್ಟೂ ಒಳ್ಳೆಯದು. ಅಮೆರಿಕದ 20 ಆಸ್ಪತ್ರೆಗಳಲ್ಲಿ 12,044 ಮಕ್ಕಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಏಳು ಅಂಶಗಳನ್ನು ಗುರುತಿಸಿತು: ಹೊಟ್ಟೆಯ ಮೇಲೆ ಪೆಟ್ಟಿನ ಅಥವಾ ಬೆಲ್ಟಿನ ಗುರುತು, ಎಚ್ಚರ ಮಂಕಾಗಿರುವುದು, ಮುಟ್ಟಿದರೆ ಹೊಟ್ಟೆ ನೋಯುವುದು, ಎದೆಯ ಮೇಲೆ ಗಾಯ, ಹೊಟ್ಟೆನೋವಿನ ದೂರು, ಉಸಿರಿನ ಸದ್ದು ಕಡಿಮೆಯಾಗಿರುವುದು, ವಾಂತಿ. ಈ ಏಳರಲ್ಲಿ ಒಂದೂ ಇಲ್ಲದ ಮಕ್ಕಳಲ್ಲಿ ತುರ್ತು ಚಿಕಿತ್ಸೆ ಬೇಕಾಗುವ ಗಾಯ ಸಾವಿರಕ್ಕೆ ಒಂದರಷ್ಟು ಮಾತ್ರ ಕಂಡುಬಂತು. ಇದು ವೈದ್ಯರು ಪರೀಕ್ಷಿಸಿ ಬಳಸುವ ಅಳತೆಗೋಲೇ ಹೊರತು ಮನೆಯಲ್ಲಿ ನಾವೇ ನಿರ್ಧರಿಸಲು ಅಲ್ಲ.

ಕತ್ತರಿಸದೆ ಕಾಯುವುದು

ಹಿಂದೆ ಗುಲ್ಮ ಸೀಳಿದೆ ಎಂದು ತಿಳಿದರೆ ಹೊಟ್ಟೆ ತೆರೆದು ಗುಲ್ಮವನ್ನು ತೆಗೆದುಹಾಕುವುದೇ ಕ್ರಮವಾಗಿತ್ತು. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲನೆಂದು ತಿಳಿದಿದ್ದರು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮಾಕರ್ ಎಂಬ ವೈದ್ಯರು, ಎಳವೆಯಲ್ಲಿ ಗುಲ್ಮ ಕಳೆದುಕೊಂಡ ಶಿಶುಗಳಿಗೆ ಮುಂದೆ ತೀವ್ರವಾದ ಸೋಂಕು ತಗುಲಿದುದನ್ನು ಪ್ರಕಟಿಸಿದರು. ರಕ್ತದಲ್ಲಿ ಸೇರುವ ಕೆಲವು ರೋಗಾಣುಗಳನ್ನು ಸೋಸಿ ನಾಶಮಾಡುವ ಕೆಲಸ ಗುಲ್ಮದ್ದು. ಅದು ಇಲ್ಲದ ಮಗುವಿಗೆ ಬಂದ ಸಾಮಾನ್ಯ ಜ್ವರವೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಮಲೇರಿಯಾ ಕಂಡ ನಮ್ಮ ಕರಾವಳಿಯಂತಹ ಪ್ರದೇಶದಲ್ಲಿ ಗುಲ್ಮವನ್ನು ಉಳಿಸಿಕೊಳ್ಳುವುದಕ್ಕೆ ಇನ್ನೂ ಒಂದು ಕಾರಣವಿದೆ, ಏಕೆಂದರೆ ಗುಲ್ಮವಿಲ್ಲದವರಲ್ಲಿ ಆ ಜ್ವರ ಉಲ್ಬಣಿಸುವ ಭಯ ಹೆಚ್ಚು.

ಹಾಗಾದರೆ ಸೀಳಿದ ಗುಲ್ಮ ತಾನಾಗಿ ಕೂಡಿಕೊಳ್ಳಬಲ್ಲದೇ? ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಅನುಭವವನ್ನು ಪರಿಶೀಲಿಸಿ, ಕೂಡಿಕೊಳ್ಳಬಲ್ಲದು ಎಂದು 1968ರಲ್ಲಿ ಲೇಖನ ಬರೆದವರಲ್ಲಿ ಒಬ್ಬರು ಭಾರತೀಯರೇ ಆದ ಡಾ. ಪಿ. ಉಪಾಧ್ಯಾಯ, ಮತ್ತೊಬ್ಬರು ಡಾ. ಸಿಂಪ್ಸನ್. ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವನ್ನು ಮುನ್ನಡೆಸಿದ ಉಪಾಧ್ಯಾಯರು, ಸೀಳಿದ ಗುಲ್ಮ ವಾಸಿಯಾಗುವ ಬಗೆಯನ್ನು ಮಂಗಗಳಲ್ಲಿಯೂ ಅಭ್ಯಸಿಸಿದರು. ಅಂದು ಅನೇಕರಿಗೆ ಇದು ಅಪಾಯದ ಮಾತಾಗಿ ಕಂಡಿತು. ಇಂದು ಜಗತ್ತಿನಾದ್ಯಂತ ಮಕ್ಕಳ ಗುಲ್ಮ ಮತ್ತು ಯಕೃತ್ತಿನ ಗಾಯಗಳಿಗೆ ಮೊದಲ ಚಿಕಿತ್ಸೆ ಇದೇ ಆಗಿದೆ. ಮಕ್ಕಳ ಶಸ್ತ್ರಚಿಕಿತ್ಸೆಯ ನುರಿತ ಕೇಂದ್ರಗಳಲ್ಲಿ ಇಂತಹ ಗಾಯಗೊಂಡ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಆಪರೇಷನ್ ಇಲ್ಲದೆಯೇ ಗುಣವಾಗುತ್ತಾರೆ.

ಇಲ್ಲಿ ‘ಕಾಯುವುದು’ ಎಂದರೆ ಸುಮ್ಮನಿರುವುದಲ್ಲ, ಕಾವಲು ಕಾಯುವುದು. ಮಗುವನ್ನು ತೀವ್ರ ನಿಗಾ ಘಟಕದಲ್ಲಿಟ್ಟು ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣಗಳನ್ನು ಮತ್ತೆ ಮತ್ತೆ ಅಳೆಯುತ್ತಾರೆ. ಕೆಲವು ಗಂಟೆಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡುತ್ತಾರೆ. ಒಬ್ಬರೇ ವೈದ್ಯರು ಪದೇ ಪದೇ ಹೊಟ್ಟೆ ಮುಟ್ಟಿ ನೋಡಿ ಮೊದಲಿಗಿಂತ ಬಿಗಿಯಾಯಿತೇ ಎಂದು ಹೋಲಿಸುತ್ತಾರೆ. ರಕ್ತ ಸಿದ್ಧವಾಗಿರುತ್ತದೆ, ಶಸ್ತ್ರಚಿಕಿತ್ಸಾ ಕೊಠಡಿಯೂ ಸಿದ್ಧವಾಗಿರುತ್ತದೆ. ರಕ್ತ ಕೊಟ್ಟರೂ ನಾಡಿ ಹಿಡಿತಕ್ಕೆ ಬಾರದಿದ್ದರೆ ಮರುಮಾತಿಲ್ಲದೆ ಆಪರೇಷನ್ ಆಗುತ್ತದೆ. ಕೆಲವೆಡೆ ತೊಡೆಯ ರಕ್ತನಾಳದ ಮೂಲಕ ತೆಳುವಾದ ನಳಿಕೆ ಸಾಗಿಸಿ, ಸುರಿಯುತ್ತಿರುವ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವ ಸೌಲಭ್ಯವೂ ಇದೆ.

ಕಿರುರಂಧ್ರದ ಶಸ್ತ್ರಚಿಕಿತ್ಸೆಗೆ ಸ್ಥಾನವೆಲ್ಲಿ?

ಒಂದು ತುದಿಯಲ್ಲಿ ಕೇವಲ ಕಾವಲಿನಿಂದ ಗುಣವಾಗುವ ಮಕ್ಕಳಿದ್ದಾರೆ. ಇನ್ನೊಂದು ತುದಿಯಲ್ಲಿ ಕ್ಷಣವೂ ತಡಮಾಡದೆ ಹೊಟ್ಟೆ ತೆರೆಯಬೇಕಾದವರಿದ್ದಾರೆ. ಈ ಎರಡರ ನಡುವೆ ಮೂರನೆಯ ಗುಂಪೊಂದಿದೆ: ನಾಡಿ, ರಕ್ತದೊತ್ತಡ ಸ್ಥಿರವಾಗಿವೆ, ಆದರೆ ಹೊಟ್ಟೆಯ ನೋವು ಏರುತ್ತಿದೆ, ಜ್ವರ ಬರುತ್ತಿದೆ. ಸ್ಕ್ಯಾನಿನಲ್ಲಿ ಗಟ್ಟಿ ಅಂಗಗಳೆಲ್ಲ ಸರಿಯಾಗಿವೆ. ಆದರೂ ಹೊಟ್ಟೆಯಲ್ಲಿ ದ್ರವ ಕಾಣುತ್ತಿದೆ. ಹಾಗಾದರೆ ಆ ದ್ರವ ಬಂದದ್ದೆಲ್ಲಿಂದ? ಕರುಳು ಒಡೆದಿದೆಯೇ? ಈ ಪ್ರಶ್ನೆಗೆ ಉತ್ತರ ಬೇಕು. ಹಾಗೆಂದು ಉತ್ತರ ಹುಡುಕಲೆಂದೇ ಎದೆಗುಂಡಿಗೆಯ ಕೆಳಗಿನಿಂದ ಹೊಕ್ಕುಳು ದಾಟುವವರೆಗೆ ಹೊಟ್ಟೆಯನ್ನು ಕೊಯ್ದು, ಏನೂ ಇಲ್ಲವೆಂದು ಹೊಲಿದು ಕಳುಹಿಸುವುದು ಮಗುವಿಗೆ ದೊಡ್ಡ ಶಿಕ್ಷೆ. ಇಂತಹ ಮಗುವಿಗೆ ಉದರದರ್ಶಕ ಶಸ್ತ್ರಚಿಕಿತ್ಸೆ, ಅಂದರೆ ಲ್ಯಾಪರೊಸ್ಕೋಪಿ, ವರದಾನ.

ಈ ವಿಧಾನ ದಿಢೀರನೆ ಹುಟ್ಟಿದ್ದಲ್ಲ. 1901ರಲ್ಲಿ ಜರ್ಮನಿಯ ಕೆಲ್ಲಿಂಗ್ ನಾಯಿಯೊಂದರ ಉದರವನ್ನು ದರ್ಶಕದ ಮೂಲಕ ನೋಡಿದರು. 1910ರಲ್ಲಿ ಸ್ವೀಡನ್ನಿನ ಯಾಕೊಬೇಯಸ್ ಮನುಷ್ಯರಲ್ಲಿ ಇದನ್ನು ಪ್ರಯೋಗಿಸಿ ಪ್ರಕಟಿಸಿದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಗ್ಯಾನ್ಸ್ ಮಕ್ಕಳಿಗೆ ಒಗ್ಗುವ ಸಣ್ಣ ದರ್ಶಕಗಳನ್ನು ಬಳಕೆಗೆ ತಂದರು. ಭಾರತದಲ್ಲಿ ಈ ಶಸ್ತ್ರಚಿಕಿತ್ಸೆಯ ಪ್ರವರ್ತಕರು ಮುಂಬಯಿಯ ಡಾ. ತೆಹಮ್ಟನ್ ಉದ್ವಾಡಿಯಾ, 1990ರಲ್ಲಿ ಅವರು ಈ ವಿಧಾನದಿಂದ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಡೆಸಿದರು. ಇಂದು ನಮ್ಮ ರಾಜ್ಯದ ಮಕ್ಕಳ ಶಸ್ತ್ರಚಿಕಿತ್ಸಾ ಕೇಂದ್ರಗಳಲ್ಲಿಯೂ ಅದು ನಿತ್ಯದ ಕ್ರಮವಾಗಿದೆ.

ನಡೆಯುವ ಬಗೆ

ಮಗುವಿಗೆ ಪೂರ್ಣ ಅರಿವಳಿಕೆ ನೀಡಿ ಹೊಕ್ಕುಳಿನ ಬಳಿ ಸುಮಾರು 5 ಮಿಲಿಮೀಟರಿನ ರಂಧ್ರ ಮಾಡುತ್ತಾರೆ. ಅದರ ಮೂಲಕ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಮೆಲ್ಲಗೆ ತುಂಬಿ ಹೊಟ್ಟೆಯ ಗೋಡೆಯನ್ನು ಡೇರೆಯಂತೆ ಮೇಲೆತ್ತುತ್ತಾರೆ. ದೊಡ್ಡವರಿಗಿಂತ ಕಡಿಮೆ ಒತ್ತಡ ಸಾಕು. ಮಕ್ಕಳಲ್ಲಿ ಸಾಮಾನ್ಯವಾಗಿ ಪಾದರಸದ 8ರಿಂದ 12 ಮಿಲಿಮೀಟರ್. ಬೆಳಕು ಮತ್ತು ಕ್ಯಾಮೆರಾ ಇರುವ ದರ್ಶಕವನ್ನು ಒಳಬಿಟ್ಟಾಗ ಉದರದ ಒಳಗು ಪರದೆಯ ಮೇಲೆ ಹಿಗ್ಗಿ ಕಾಣುತ್ತದೆ. ಇನ್ನೆರಡು ರಂಧ್ರಗಳಿಂದ 3 ಅಥವಾ 5 ಮಿಲಿಮೀಟರಿನ ಉಪಕರಣಗಳು ಒಳಹೋಗುತ್ತವೆ.

ನಿಂತ ರಕ್ತವನ್ನು ಹೀರಿ ತೆಗೆದು ಯಕೃತ್ತು, ಗುಲ್ಮ, ವಪೆಗಳನ್ನು ಪರೀಕ್ಷಿಸುತ್ತಾರೆ. ಬಳಿಕ ಕರುಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣುಗೇಣಾಗಿ ತಿರುವಿ ನೋಡುತ್ತಾರೆ. ಸಣ್ಣ ತೂತಿದ್ದರೆ ಅಲ್ಲಿಯೇ ಹೊಲಿಯಬಹುದು. ದೊಡ್ಡದಾಗಿ ಹರಿದಿದ್ದರೆ ಹೊಕ್ಕುಳಿನ ರಂಧ್ರವನ್ನು ತುಸು ಹಿಗ್ಗಿಸಿ, ಗಾಯಗೊಂಡ ಕರುಳಿನ ಭಾಗವನ್ನಷ್ಟೇ ಹೊರತೆಗೆದು, ಜೋಡಿಸಿ, ಮರಳಿ ಒಳಗಿಡುತ್ತಾರೆ. ಮೂತ್ರಕೋಶದ ಮೇಲ್ಭಾಗ ಒಡೆದಿದ್ದರೆ, ವಪೆ ಹರಿದಿದ್ದರೆ ಹೊಲಿಗೆ ಹಾಕಬಹುದು. ಮೇದೋಜೀರಕ ಗ್ರಂಥಿಯ ಮುಖ್ಯ ನಾಳ ತುಂಡಾಗಿದ್ದರೆ ಗ್ರಂಥಿಯ ಬಾಲದ ಭಾಗವನ್ನು ತೆಗೆದು, ಪಕ್ಕದ ಗುಲ್ಮವನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನೂ ನುರಿತವರು ಹೀಗೆಯೇ ಮಾಡುತ್ತಾರೆ.

ಎಲ್ಲ ಸರಿಯಾಗಿದ್ದರೆ ಏನೂ ಮಾಡದೆ ರಂಧ್ರ ಮುಚ್ಚುತ್ತಾರೆ. ‘ಸುಮ್ಮನೆ ಆಪರೇಷನ್ ಮಾಡಿದರು’ ಎಂದು ಇದನ್ನು ತಿಳಿಯಬಾರದು. ಅಲ್ಲಿ ದೊರೆತ ನಿಶ್ಚಯವೇ ದೊಡ್ಡ ಲಾಭ. ಸಣ್ಣ ಗಾಯವಾದ್ದರಿಂದ ನೋವು ಕಡಿಮೆ. ಆಳವಾಗಿ ಉಸಿರೆಳೆಯಲು ತೊಂದರೆಯಿಲ್ಲ. ಮಗು ಬೇಗ ಎದ್ದು ಓಡಾಡುತ್ತದೆ, ಬೇಗ ಉಣ್ಣುತ್ತದೆ. ದೊಡ್ಡ ಗಾಯದ ಜಾಗದಲ್ಲಿ ಮುಂದೆ ಹರ್ನಿಯಾ ಆಗುವ, ಒಳಗೆ ಕರುಳು ಅಂಟಿಕೊಳ್ಳುವ ತೊಂದರೆಗಳೂ ಕಡಿಮೆ.

ಎಲ್ಲಿ ಇದು ಸಲ್ಲದು?

ರಕ್ತಸ್ರಾವದಿಂದ ಕುಸಿಯುತ್ತಿರುವ ಮಗುವಿಗೆ ಕಿರುರಂಧ್ರದ ವಿಧಾನ ಸಲ್ಲದು. ಉಪಕರಣ ಜೋಡಿಸಿ, ಅನಿಲ ತುಂಬಿ ನೋಡುವಷ್ಟು ಸಮಯ ಅಲ್ಲಿಲ್ಲ. ತುಂಬಿದ ಅನಿಲ ಹೃದಯಕ್ಕೆ ಮರಳುವ ರಕ್ತವನ್ನು ಇನ್ನಷ್ಟು ತಡೆಯುತ್ತದೆ. ಕ್ಷಣಮಾತ್ರದಲ್ಲಿ ಹೊಟ್ಟೆ ತೆರೆದು ಕೈಯಿಂದ ಒತ್ತಿ ರಕ್ತ ನಿಲ್ಲಿಸುವುದೇ ಜೀವ ಉಳಿಸುವ ಕ್ರಮ. ತಲೆಗೆ ತೀವ್ರ ಪೆಟ್ಟಾಗಿದ್ದರೂ ಈ ಅನಿಲ ಮೆದುಳಿನ ಒತ್ತಡವನ್ನು ಏರಿಸುವುದರಿಂದ ವೈದ್ಯರು ಹಿಂಜರಿಯುತ್ತಾರೆ. ರಂಧ್ರದ ಮೂಲಕ ಆರಂಭಿಸಿದ ಶಸ್ತ್ರಚಿಕಿತ್ಸೆಯನ್ನು ನಡುವೆಯೇ ತೆರೆದ ಶಸ್ತ್ರಚಿಕಿತ್ಸೆಯಾಗಿ ಬದಲಿಸುವುದೂ ಉಂಟು. ಅದು ಸೋಲಲ್ಲ, ವಿವೇಕ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗಲೇ ಪಾಲಕರು ಈ ಸಾಧ್ಯತೆಯನ್ನು ಅರಿತಿರಬೇಕು.

ದೂರದ ಊರಿನ ಲೆಕ್ಕ

ಮತ್ತೆ ಶಿರೂರಿನ ಉದಾಹರಣೆಗೆ ಬರೋಣ. ಸಮೀಪದಲ್ಲಿ ಬೈಂದೂರಿನ ಸರ್ಕಾರಿ ಆಸ್ಪತ್ರೆಯಿದೆ. ಮುಂದೆ ಕುಂದಾಪುರದ ತಾಲ್ಲೂಕು ಆಸ್ಪತ್ರೆ. ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು, ರಕ್ತನಿಧಿ, ಮಕ್ಕಳ ತೀವ್ರ ನಿಗಾ ಘಟಕ ಎಲ್ಲವೂ ಒಂದೆಡೆ ಸಿಗುವ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಸುಮಾರು 80 ಕಿಲೋಮೀಟರ್ ದೂರ. ಇತರ ಭಾಗದ ಭಕ್ತರಿಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆ, ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಗಳಲ್ಲಿ ಇಂತಹ ವ್ಯವಸ್ಥೆ ಇದೆ. ಅಂದರೆ ಕಾವಲಿನ ಚಿಕಿತ್ಸೆಯಾಗಲಿ, ಕಿರುರಂಧ್ರದ ಚಿಕಿತ್ಸೆಯಾಗಲಿ, ಮಗು ಸ್ಥಿರವಾಗಿರುವಾಗಲೇ ಅಲ್ಲಿಗೆ ತಲುಪಿದರೆ ಮಾತ್ರ ದೊರಕುವ ಭಾಗ್ಯ. ಸಂಜೆ ಬಿದ್ದ ಮಗುವನ್ನು ‘ಬೆಳಗಾಗಲಿ, ನೋಡೋಣ’ ಎಂದು ಮಲಗಿಸಿದರೆ ಆ ಅವಕಾಶ ರಾತ್ರಿಯಲ್ಲಿಯೇ ಕೈತಪ್ಪಬಹುದು.

ಬೇಗ ಹೊರಡಬೇಕು ಎಂದರೆ ಅತಿವೇಗದಲ್ಲಿ ಓಡಿಸಬೇಕೆಂದಲ್ಲ. 2022ರ ಜುಲೈ 20ರಂದು ಮಳೆಯಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಇದೇ ಶಿರೂರಿನ ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಪ್ರಾಣ ಕಳೆದುಕೊಂಡರು. ಹೊರಡುವ ನಿರ್ಧಾರದಲ್ಲಿ ಉಳಿಸಿದ ಸಮಯವನ್ನು ರಸ್ತೆಯ ಮೇಲೆ ಗಳಿಸಬೇಕಾಗಿಲ್ಲ.

ಪೆಟ್ಟಾದ ಕೂಡಲೇ ಮಾಡಬೇಕಾದುದು ಇಷ್ಟು. 108ಕ್ಕೆ ಕರೆ ಮಾಡಿ, ಮಗುವನ್ನು ಮಲಗಿಸಿ, ಕುಲುಕದೆ ಸಾಗಿಸಿ, ಬೆಚ್ಚಗೆ ಹೊದೆಸಿ. ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿ, ಏಕೆಂದರೆ ಅರಿವಳಿಕೆ ಬೇಕಾದೀತು. ಹೊಟ್ಟೆಗೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ನೀವುವುದು ಸರ್ವಥಾ ಕೂಡದು. ಹೆಪ್ಪುಗಟ್ಟಿ ನಿಂತ ರಕ್ತ ಮತ್ತೆ ಸುರಿಯಬಹುದು. ಯಾವಾಗ, ಎಷ್ಟು ಎತ್ತರದಿಂದ, ಯಾವುದು ತಗುಲಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದರೆ ಅಲ್ಲಿನ ಸ್ಕ್ಯಾನ್, ರಕ್ತಪರೀಕ್ಷೆಯ ವರದಿಗಳು ಜೊತೆಗಿರಲಿ.

ರಸ್ತೆಯಲ್ಲಿ ಬಿದ್ದ ಪರರ ಮಗುವನ್ನು ಎತ್ತಲು ಪೊಲೀಸ್, ಕೋರ್ಟಿನ ಭಯ ಬೇಡ. ನೆರವಾದವರನ್ನು ರಕ್ಷಿಸುವ ಕಾನೂನನ್ನು ನಮ್ಮ ರಾಜ್ಯ 2016ರಲ್ಲಿಯೇ ರೂಪಿಸಿದೆ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಯಲ್ಲಿಯೂ ಆ ರಕ್ಷಣೆ ಸೇರಿದೆ. ರಸ್ತೆ ಅಪಘಾತಕ್ಕೀಡಾದವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಹಣ ಹೊಂದಿಸಲೆಂದು ಗಂಟೆಗಳನ್ನು ಕಳೆಯುವುದು ಬೇಡ.

ಮನೆಗೆ ಮರಳಿದ ಮೇಲೆ

ಮಗು ಹುಷಾರಾಗಿ ಓಡಾಡುತ್ತಿದೆ ಎಂದ ಮಾತ್ರಕ್ಕೆ ಒಳಗಿನ ಗಾಯ ಮಾಗಿದೆ ಎಂದಲ್ಲ. ಗಾಯದ ತೀವ್ರತೆಯನ್ನು ಒಂದರಿಂದ ಐದರವರೆಗೆ ದರ್ಜೆಗಳಲ್ಲಿ ಅಳೆಯುತ್ತಾರೆ. ಆ ದರ್ಜೆಗೆ ಎರಡನ್ನು ಕೂಡಿಸಿದಷ್ಟು ವಾರ ಓಟ, ಸೈಕಲ್, ಮರ ಹತ್ತುವುದು, ಕಬಡ್ಡಿ ಮೊದಲಾದುವುಗಳಿಂದ ದೂರವಿರಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ಮೂರನೆಯ ದರ್ಜೆಯ ಗಾಯವಾದರೆ ಐದು ವಾರ. ಶಾಲೆಗೆ ಹೋಗಬಹುದು, ಆದರೆ ಆಟದ ಪೀರಿಯಡ್ ಬೇಡವೆಂದು ಶಿಕ್ಷಕರಿಗೆ ತಿಳಿಸಬೇಕು. ಈ ಅವಧಿಯಲ್ಲಿ ಮತ್ತೆ ಹೊಟ್ಟೆನೋವು, ತಲೆಸುತ್ತು, ವಾಂತಿ, ಜ್ವರ, ಕಣ್ಣು ಹಳದಿಯಾಗುವುದು, ಕಪ್ಪು ಮಲ ಕಂಡರೆ ಕೂಡಲೇ ಆಸ್ಪತ್ರೆಗೆ ಬರಬೇಕು.

ಅನಿವಾರ್ಯವಾಗಿ ಗುಲ್ಮವನ್ನು ತೆಗೆದಿದ್ದರೆ ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಬ್ ಎಂಬ ರೋಗಾಣುಗಳ ವಿರುದ್ಧ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ವೈದ್ಯರು ಹೇಳಿದಷ್ಟು ಕಾಲ ಪೆನಿಸಿಲಿನ್ ಕೊಡಬೇಕು. ಜ್ವರ ಬಂದರೆ ಅದೇ ಹೊತ್ತಿನಲ್ಲಿ ವೈದ್ಯರಲ್ಲಿಗೆ ಹೋಗಿ, ಗುಲ್ಮವಿಲ್ಲವೆಂಬುದನ್ನು ಮೊದಲ ಮಾತಾಗಿಯೇ ಹೇಳಬೇಕು.

ತಡೆಯುವುದೇ ಮೇಲು

ಜಾತ್ರೆ, ರಥೋತ್ಸವಗಳಿಗೆ ಬರುವಾಗ ಮಕ್ಕಳನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಟ್ರೇಲರಿನ ಅಂಚಿನಲ್ಲಿ, ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬರುವುದನ್ನು ಭಕ್ತಾದಿಗಳು ದಯವಿಟ್ಟು ಬಿಡಬೇಕು. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೆ ಸವಾರನೊಡನೆ ಬಿಗಿಯುವ ಪಟ್ಟಿ ಹಾಗೂ 40 ಕಿಲೋಮೀಟರಿನ ವೇಗಮಿತಿಯ ನಿಯಮವಿದೆ. ಕಾರಿನಲ್ಲಿ ಮಗುವಿಗೆ ತಕ್ಕ ಆಸನವಿರಲಿ. ಸೈಕಲ್ಲಿನ ಹ್ಯಾಂಡಲ್ ತುದಿಯ ರಬ್ಬರ್ ಹಿಡಿ ಕಳಚಿದ್ದರೆ ಇಂದೇ ಹಾಕಿಸಿ. ಬರಿಯ ಕೊಳವೆಯ ತುದಿ ಹೆಚ್ಚು ಆಳವಾಗಿ ನಾಟುತ್ತದೆ.

ಮಗುವಿನ ಹೊಟ್ಟೆಗೆ ಪೆಟ್ಟಾದಾಗ ವೈದ್ಯರು ಕಡಿಮೆ ಕೊಯ್ಯುವಷ್ಟೂ ಮಗುವಿಗೆ ಹಿತ. ಕೊಯ್ಯದೆ ಉಳಿಸಿದರೆ ಪರಮಹಿತ. ಆದರೆ ಆ ಆಯ್ಕೆ ವೈದ್ಯರ ಕೈಯಲ್ಲಿ ಉಳಿಯುವುದು ಮಗು ಬೇಗ ತಲುಪಿದಾಗ ಮಾತ್ರ. ಬಿದ್ದೆನೆಂದು ಮಗು ಅಂಜದೆ ಹೇಳುವಂತಹ ಮನೆ, ಕೇಳಿದೊಡನೆ ಹೊಟ್ಟೆಯನ್ನೂ ನಾಡಿಯನ್ನೂ ಗಮನಿಸುವ ಹಿರಿಯರು, ತಡಮಾಡದೆ ಹೊರಡುವ ನಿರ್ಧಾರ ಇವು ಚಿಕಿತ್ಸೆಯ ಮೊದಲ ಭಾಗ. ಅದು ನಡೆಯಬೇಕಾದುದು ನಮ್ಮ ನಮ್ಮ ಮನೆಗಳಲ್ಲಿ.